ಅವ್ವನ ಹೆಬ್ಬೆರಳು ಮತ್ತು ನನ್ನ ಎಮ್ಮೆಗಳು

ಇವತ್ತು ಬೆಳಿಗ್ಗೆ ಟ್ರಂಕಿನ ಹಿಂದೆ ಕಸ ಹೊಡೆಯುವಾಗ ಅವ್ವನ ಕೈಯ ಎಕ್ಸ್‌ರೇ ಸಿಕ್ಕಿತು. ಕಿಟಕಿಗೆ ಹಿಡಿದರೆ ನಾಲ್ಕು ಬೆರಳು ಸಭ್ಯಸ್ಥರ ಹಾಗೆ ನಿಂತಿವೆ. ಹೆಬ್ಬೆರಳ ಬುಡದ ಎಲುಬು ಮಾತ್ರ ಮುಂದಿನ ಸ್ಟಾಪಿನಲ್ಲಿ ಇಳಿಯುವವರಂತೆ ಸೀಟಿನ ಅಂಚಿಗೆ ಬಂದು ಕೂತಿದೆ. ಅದನ್ನು ಎಬ್ಬಿಸಿದವಳು ನಾನೇ.

ಆಗ ನಾನು ಏಳನೇ ಇಯತ್ತೆ. ಬ್ಯಾಡಗಿಯ ಇಡೀ ಓಣಿ ನೋಡಲಿ ಎಂದು, ಸೈಕಲ್ಲಿನ ಕ್ಯಾರಿಯರ್ ಮೇಲೆ ಅವ್ವನನ್ನು ಕೂರಿಸಿಕೊಂಡು, ಹ್ಯಾಂಡಲ್‌ನಿಂದ ಎರಡೂ ಕೈ ಬಿಟ್ಟೆ. ಓಣಿ ನೋಡಿತು. ಅವ್ವ ಕೈಯೂರಿ ಬಿದ್ದಳು. ನಾನು ತಕ್ಷಣ, "ಎಮ್ಮಿ ಅಡ್ಡ ಬಂತು!" ಎಂದೆ.

ಪಕ್ಕದ ಮನೆ ದೊಡ್ಡಮ್ಮ ಓಡಿ ಬಂದು ಬೆರಳು ಹಿಡಿದು ಜಗ್ಗಿದಳು. ಟಕ್ ಎಂದಿತು. "ಕುಂತಿತು ನೋಡವಾ, ಏನೂ ಆಗಿಲ್ಲ" ಎಂದಳು. ಮೆಣಸಿನಕಾಯಿ ಸುಗ್ಗಿ, ತೊಟ್ಟು ಬಿಡಿಸುವ ಕೂಲಿಗೆ ಅವ್ವ ಮರುದಿನವೇ ಹೋದಳು. ತೊಟ್ಟು ಮುರಿಯುವುದು ಹೆಬ್ಬೆರಳಿನಿಂದ. ಹತ್ತು ಕಾಯಿಗೊಮ್ಮೆ ಕೀಲು ಜಾರುತ್ತಿತ್ತು. ಅವ್ವ ಮೊಣಕಾಲಿಗೆ ಒತ್ತಿ ಕೂರಿಸಿ ಮತ್ತೆ ಕಾಯಿ ಎತ್ತಿಕೊಳ್ಳುತ್ತಿದ್ದಳು. ನಾನೋ, ಗೆಳತಿಯರನ್ನು ಕರೆತಂದು ಆ "ಟಕ್" ಕೇಳಿಸುತ್ತಿದ್ದೆ! ಆಗ ಅದು ಸರ್ಕಸ್ಸಿನಂತೆ ಕಾಣುತ್ತಿತ್ತು. ಅವ್ವ ತುಟಿ ಕಚ್ಚುತ್ತಿದ್ದುದು ನನಗೆ ನೆನಪಾದದ್ದು ಆಮೇಲೆ.

ಬೆರಳು ಬಾತು ಚಮಚವನ್ನೂ ಹಿಡಿಯಲಾರದಾದಾಗ ರಾಣೆಬೆನ್ನೂರಿನ ಡಾಕ್ಟರ ಬಳಿ ಹೋದೆವು.

"ಕುಂದ್ರಸಬಹುದು ಅಕ್ಕಾರ, ಆದ್ರ ನಿಲ್ಲೂದಿಲ್ಲ. ಕೀಲು ಹಿಡಿದಿರೋ ನಾರು ಹರದೈತಿ. ಕೊಯ್ದು ಹೊಲೀಬೇಕು, ತಂತಿ ಹಾಕಿ ಆರು ವಾರ ಬಿಡಬೇಕು."

"ತೊಟ್ಟು ಮುರಿಯಾಕ ಬರತೈತೇನ್ರಿ?" ಅವ್ವ ಕೇಳಿದ್ದು ಅದೊಂದೇ.

"ನೋಡೂಣು."

ಆಪರೇಷನ್ನಿಗೆ ಮೊದಲು ಅವ್ವನ ಮೆಣಸಿನಕಾಯಿ ಕೈ ತೊಳೆದ ನರ್ಸಮ್ಮ ಮರೆತು ತನ್ನ ಕಣ್ಣು ಒರೆಸಿಕೊಂಡಳು. ಖಾರ ಹತ್ತಿ, ಪೇಶಂಟಿಗಿಂತ ಮೊದಲು ಆಕೆಯೇ ಅತ್ತಳು. ನೋಡಲು ಬಂದ ಕಾಕಾನ ಮುಂದೆ ನಾನು ಎಮ್ಮೆ ಕಥೆಗೆ ಇನ್ನಷ್ಟು ಮೇವು ಹಾಕಿದೆ. ಅವ್ವ ಬ್ಯಾಂಡೇಜಿನ ಕೈ ಎತ್ತಿಕೊಂಡೇ, "ಡಾಕ್ಟರ ಮುಂದ ಒಂದ ಎಮ್ಮಿ ಇತ್ತು, ಈಗ ಎರಡಾದ್ವು. ನಾಳೆ ಡೇರಿ ಹಾಕತೀಯೇನ?" ಎಂದಳು. ಕಾಕಾ ನಕ್ಕ. ನನಗೆ ನಗು ಬರಲಿಲ್ಲ.

ತಂತಿ ತೆಗೆದಾಗ ಬೆರಳು ಕಟ್ಟಿಗೆಯಾಗಿತ್ತು. ದಿನಾ ಬಾಗಿಸಬೇಕು ಎಂದರು ಡಾಕ್ಟರು. ಬಾಗಿಸುವವಳು ನಾನು, ಬೈಯುವವಳು ಅವ್ವ. ಎರಡು ತಿಂಗಳ ಮೇಲೆ ಒಂದು ಸಂಜೆ ಅವಳು ಬುಟ್ಟಿಯಿಂದ ಕಾಯಿ ಎತ್ತಿದಳು. ಜಾರಿ ಬಿತ್ತು. ಇನ್ನೊಂದೂ ಬಿತ್ತು. ಮೂರನೆಯದರ ತೊಟ್ಟು ಮುರಿಯಿತು, ಕೀಲು ಅಲ್ಲಾಡಲಿಲ್ಲ.

"ಬುಟ್ಟಿ ಈ ಕಡೆ ಸರಸು" ಎಂದಳು ಅವ್ವ, ನನ್ನ ಕಡೆ ನೋಡದೆ.

ಈಗಲೂ ಅವಳಿಗೆ ಮೊದಲಿನ ಅರ್ಧದಷ್ಟೇ ಬಿಡಿಸಲು ಆಗುವುದು. ಉಳಿದರ್ಧಕ್ಕೆ ನಾನು ಕೂರುತ್ತೇನೆ. ಇವತ್ತು ಮಧ್ಯಾಹ್ನ ಕೂಲಿಗೆ ಹೊಸದಾಗಿ ಬಂದ ಹೆಂಗಸೊಬ್ಬಳು, "ಕೈಗೆ ಏನಾಗಿತ್ತಬೇ?" ಎಂದು ಕೇಳಿದಳು. ಅವ್ವ ನನ್ನನ್ನು ಉಳಿಸಲು ಬಾಯಿ ತೆರೆಯುವಷ್ಟರಲ್ಲಿ ನಾನು, "ನಾನಽ ಕೆಡವಿದೆ" ಎಂದೆ.

ಅವ್ವ ಒಂದು ತೊಟ್ಟು ಮುರಿದಳು. "ಆತು, ಕೈ ನಡಸು."