ಮರ ಕಹಿಯಾದ ಮೇಲೆ

ಬೀದಿಯ ತಿರುವಿನ ಮರದ ಕೆಳಗೆ ಮೇಜು ಹಾಕಿಕೊಂಡು ಇಸ್ತ್ರಿಯವಳು ಬಟ್ಟೆ ತೀಡುತ್ತಿದ್ದಳು. ಗಂಡ ಹೋದ ಮೇಲೆ ಅವಳೊಬ್ಬಳೇ. ಕೊಡುವವರು ಕೊಟ್ಟು ಹೋಗುವರು, ಒಯ್ಯುವವರು ಒಯ್ಯುವರು. ಎಷ್ಟೋ ದಿನ ಸಂಜೆಯವರೆಗೂ ಅವಳೊಡನೆ ಒಂದು ಮಾತಾಡುವವರಿರಲಿಲ್ಲ.

ಆ ವರ್ಷ ಮರಕ್ಕೆ ಕಂಬಳಿಹುಳ ಹತ್ತಿತು. ಚಿಗುರೆಲ್ಲ ಜರಡಿಯಾಯಿತು. ಬಿಳಿ ಅಂಗಿಗಳ ಮೇಲೆ ಹುಳ ಉದುರಿ, ಬಿಸಿ ಇಸ್ತ್ರಿಗೆ ಸಿಕ್ಕಿ, ಹಸಿರು ಕಲೆ ಬಿತ್ತು. ಗಿರಾಕಿಗಳು ಬೈದ ಸುದ್ದಿ ಕೇಳಿ ಹಿಂದಿನ ಓಣಿಯ ನಾದಿನಿ ಬಂದಳು. ಅಣ್ಣ ಸತ್ತ ಮೇಲೆ ಇತ್ತ ತಲೆ ಹಾಕಿದವಳಲ್ಲ. ಈಗ ದಿನವೂ ಬಂದು, ಒಂದೊಂದು ಬಟ್ಟೆಯನ್ನೂ ತಿರುವಿ, ಹುಳವನ್ನು ಕಡ್ಡಿಯಿಂದ ಎತ್ತಿ ಡಬ್ಬಿಗೆ ಹಾಕುವಳು. ಕೈಯ ಜೊತೆ ಬಾಯಿಯೂ ಆಡುತ್ತಿತ್ತು. ಅತ್ತಿಗೆ ತೀಡಿದ ಕಾಲರು ನಾಯಿ ಕಿವಿಯ ಹಾಗೆ ಮಡಚಿಕೊಳ್ಳುತ್ತದೆಂದು ಅಣಕಿಸುವಳು. ಮೈತುಂಬ ಕೂದಲಿದ್ದ ಹುಳ ಸಿಕ್ಕರೆ, ಮಾವನೋರು ಬಂದ್ರು, ದಾರಿ ಬಿಡಿ ಎನ್ನುವಳು. ಇಸ್ತ್ರಿಯವಳು ನಕ್ಕು ನಕ್ಕು ಇಸ್ತ್ರಿಯನ್ನು ಪಕ್ಕಕ್ಕಿಡಬೇಕಾಗುತ್ತಿತ್ತು.

ಆದರೆ ಮರ ಸುಮ್ಮನಿರಲಿಲ್ಲ. ಎರಡನೆಯ ಸಲ ಬಂದ ಎಲೆ ದಪ್ಪ, ಒರಟು. ಇಸ್ತ್ರಿಯವಳು ಒಂದನ್ನು ಹರಿದು ಅಗಿದು ನೋಡಿದಳು. ಕಹಿ, ಬಾಯೆಲ್ಲ ಒಗರು. ಹುಳ ಇನ್ನೂ ಮುಟ್ಟದ ಪಕ್ಕದ ಮರದ ಎಲೆಯೂ ಹಾಗೆಯೇ ಆಗಿತ್ತು. ಕಚ್ಚಿದ ಎಲೆಯ ವಾಸನೆ ಹಿಡಿದೋ ಏನೋ, ಸಣ್ಣ ಕಣಜದ ಹುಳುಗಳು ಬಂದು ಹುಳಗಳ ಬೆನ್ನಿಗೆ ಚುಚ್ಚಿ ಹಾರುತ್ತಿದ್ದವು. ಉಳಿದ ಕಂಬಳಿಹುಳಗಳು ಎಲೆ ತಿಂದರೂ ಮೈ ಹಿಡಿಯಲಿಲ್ಲ, ಸೊರಗಿ ಕೊಂಬೆಗೆ ಅಂಟಿಕೊಂಡವು.

ಮರ ಉಳಿಯಿತೆಂದು ಬೀದಿಯವರಿಗೆಲ್ಲ ಸಮಾಧಾನ. ಇಸ್ತ್ರಿಯವಳಿಗೆ ಮಾತ್ರ ಬೇರೆಯೇ ಚಿಂತೆ. ಹುಳ ಹೋದರೆ ನಾದಿನಿಯೂ ಹೋದಂತೆಯೇ. ಮರುದಿನ ಬೇಗ ಬಂದು, ಕೊಂಬೆಯಿಂದ ಹುಳ ಕಿತ್ತು, ತಾನೇ ಅಂಗಿಗಳ ಮಡಿಕೆಯಲ್ಲಿ ಇಟ್ಟಳು.

ನಾದಿನಿ ಮಡಿಕೆ ಬಿಚ್ಚಿ ನೋಡಿದಳು. “ಅತ್ತಿಗೆ, ಇದು ಸತ್ತು ಒಣಗಿದೆ. ಸತ್ತಿದ್ದು ನಡ್ಕೊಂಡು ಒಳಗೆ ಹೋಯ್ತಾ?”

ಇಸ್ತ್ರಿಯವಳು ತಲೆ ಎತ್ತಲಿಲ್ಲ. “ಹುಳ ಇಲ್ದಿದ್ರೆ ಬರಲ್ವಾ ನೀನು?”

“ಸುಮ್ನೆ ಬಂದು ಏನ್ ಮಾಡ್ಲಿ? ನಿಮಗೂ ಕೆಲಸ ಇರುತ್ತೆ, ನಂಗೂ ಇರುತ್ತೆ.”

ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಜಗಳವಾದರೂ ಆಡಬಹುದಿತ್ತು.

ಆಮೇಲೆ ನಾದಿನಿ ಬರಲಿಲ್ಲ. ಒಂದು ದಿನ ಇಸ್ತ್ರಿಯವಳೇ ಹಿಂದಿನ ಓಣಿಗೆ ಹೋದಳು. ಬಾಗಿಲು ಅರ್ಧ ತೆರೆದಿತ್ತು. ಒಳಗೆ ನಾದಿನಿ ಯಾರಿಗೋ ಏನೋ ಹೇಳಿ ನಗುತ್ತಿದ್ದಳು. ಕರೆಯಲು ಒಂದು ನೆಪ ಬೇಕಿತ್ತು. ಹುಡುಕುತ್ತಾ ಅಲ್ಲೇ ನಿಂತಳು. ಒಂದೂ ಹೊಳೆಯಲಿಲ್ಲ. ಹಿಂದಿರುಗಿ ಬಂದು ಇಸ್ತ್ರಿಗೆ ಕೆಂಡ ತುಂಬಿದಳು.