ಐದನೆಯ ಪಟ್ಟಿ

2022ರಲ್ಲಿ ನಾನು ಹೊಸಕೋಟೆಯ ಹೊರಗಿದ್ದ ಒಂದು ಖಾಸಗಿ ಹಾಲು ಶೀತಲೀಕರಣ ಕೇಂದ್ರದ ಸಾಫ್ಟ್‌ವೇರ್ ನೋಡಿಕೊಳ್ಳುತ್ತಿದ್ದೆ. ನೋಡಿಕೊಳ್ಳುವುದು ಅಂದರೆ ಹೊಸದಾಗಿ ಕಟ್ಟುವುದಲ್ಲ. ಇನ್ಯಾರೋ ಬರೆದು ಬಿಟ್ಟುಹೋದ ಕೋಡ್ ಕೈಕೊಡದಂತೆ ಕಾಯುವುದು. ಮದುವೆಮನೆಯಲ್ಲಿ ಪಾತ್ರೆ ತೊಳೆಯುವವರ ಹಾಗೆ, ಎಲ್ಲ ಸರಿಯಿದ್ದರೆ ನಮ್ಮ ನೆನಪು ಯಾರಿಗೂ ಬರುವುದಿಲ್ಲ. ಇಪ್ಪತ್ತೆರಡು ವರ್ಷ ಇದನ್ನೇ ಮಾಡಿ ನನಗೆ ಸ್ವಲ್ಪ ಜಂಬವೂ ಬಹಳ ಸಿಡುಕೂ ಬಂದಿತ್ತು.

ಅನುಗೊಂಡನಹಳ್ಳಿ ಕಡೆಯ ಎಂಟು ಊರುಗಳ ಹಾಲು ಒಂದೇ ವ್ಯಾನಿನಲ್ಲಿ ಕೇಂದ್ರಕ್ಕೆ ಬರುತ್ತಿತ್ತು. ಪ್ರತಿ ಊರಿನ ಹಾಲಿನಿಂದ ಒಂದು ಸಣ್ಣ ಬಾಟಲಿ ತುಂಬಿ, ವ್ಯಾನ್ ಊರುಗಳನ್ನು ಮುಟ್ಟಿದ ಕ್ರಮದಲ್ಲೇ ಎಂಟು ಗುಳಿಗಳ ತಟ್ಟೆಯಲ್ಲಿ ಇಡುತ್ತಿದ್ದರು. ಬಾಟಲಿಯ ಮೇಲೆ ಹೆಸರಿರಲಿಲ್ಲ. ಎಷ್ಟನೇ ಗುಳಿ ಯಾವ ಊರಿನದು ಎಂಬ ಪಟ್ಟಿ ಸಾಫ್ಟ್‌ವೇರಿನೊಳಗಿತ್ತು. ನೀರು ಬೆರೆತಿದೆ ಎಂದು ಯಂತ್ರ ಹೇಳಿದರೆ ಆ ಊರಿನ ಹೆಸರಿಗೆ ಚೀಟಿ ಮುದ್ರಣವಾಗಿ, ಮಾರನೆಯ ಬೆಳಿಗ್ಗೆ ವ್ಯಾನಿನಲ್ಲೇ ಊರಿಗೆ ಹೋಗುತ್ತಿತ್ತು. ಮೂರು ಚೀಟಿಯಾದರೆ ಊರ ಡೈರಿಯ ಕಾರ್ಯದರ್ಶಿ ಬದಲಾಗಬೇಕು, ಇಲ್ಲದಿದ್ದರೆ ಆ ಊರಿನ ಹಾಲು ಬೇಡ ಎನ್ನುವುದು ಕೇಂದ್ರದ ನಿಯಮ.

ಆ ವರ್ಷ ದೀಪಾವಳಿ ಕಳೆದ ಮೇಲೆ ದಾರಿಯ ಮೋರಿ ಅಗೆದುಹಾಕಿದರು. ವ್ಯಾನ್ ಎಂಟೂ ಊರುಗಳನ್ನು ಕೊನೆಯಿಂದ ಮೊದಲಿಗೆ ಸುತ್ತತೊಡಗಿತು. ಕೇಂದ್ರದ ಮ್ಯಾನೇಜರ್ ಶಿವಣ್ಣ ಫೋನ್ ಮಾಡಿ, ಪಟ್ಟಿ ತಿರುಗಿಸಿ ಅಂದರು. ಆ ಪಟ್ಟಿಯನ್ನು ಹಿಂದಿನ ಪ್ರೋಗ್ರಾಮರ್ ಬೇಕೆನಿಸಿದ ಕಡೆಯಲ್ಲೆಲ್ಲ ನಕಲು ಮಾಡಿಟ್ಟಿದ್ದ. ಎಲ್ಲವನ್ನೂ ತೆಗೆದು ಒಂದೇ ಕಡೆ ಬರೆಯಲು ಎರಡು ದಿನ ಬೇಕಿತ್ತು. ನನಗೆ ಅಷ್ಟು ತಾಳ್ಮೆ ಇರಲಿಲ್ಲ. ಊರುಗಳ ಹೆಸರು ಹಾಕಿ ಹುಡುಕಿದೆ, ನಾಲ್ಕು ಕಡೆ ಸಿಕ್ಕವು, ನಾಲ್ಕನ್ನೂ ತಿದ್ದಿದೆ. ಅವನನ್ನು ಬೈದುಕೊಂಡೇ ಕಾಫಿ ಕುಡಿದು ಮನೆಗೆ ಹೋದೆ.

ಸುಮಾರು ಒಂದು ತಿಂಗಳಿಗೆ, ಒಂದು ಬುಧವಾರ, ಪದ್ಮಕ್ಕ ಕೇಂದ್ರಕ್ಕೆ ಬಂದರು. ಆ ಎಂಟರಲ್ಲಿ ಒಂದೂರಿನ ಡೈರಿಗೆ ಒಂಬತ್ತು ವರ್ಷದಿಂದ ಕಾರ್ಯದರ್ಶಿ. ಪ್ಲಾಸ್ಟಿಕ್ ಕವರಿನಿಂದ ಮೂರು ಚೀಟಿ ತೆಗೆದು ಮೇಜಿನ ಮೇಲಿಟ್ಟರು. ಮೂರರಲ್ಲೂ ನೀರು ಬೆರೆತಿದೆ ಎಂದಿತ್ತು. ಅವರನ್ನು ಇಳಿಸಲು ಶುಕ್ರವಾರ ಊರಲ್ಲಿ ಸಭೆ ಕರೆದಿದ್ದರು.

ಶಿವಣ್ಣ ನನ್ನ ಮುಖ ನೋಡಿದರು. ನಾನು ಕತ್ತೆತ್ತದೆ, “ಯಂತ್ರಕ್ಕೆ ನಿಮ್ಮ ಮೇಲೇನಮ್ಮ ದ್ವೇಷ?” ಅಂದುಬಿಟ್ಟೆ. ಆ ಮಾತು ನೆನೆದರೆ ಇವತ್ತಿಗೂ ನನ್ನ ಮೇಲೆ ನನಗೇ ಅಸಹ್ಯವಾಗುತ್ತದೆ.

ಪದ್ಮಕ್ಕ ಒಂದು ಚೀಟಿಯನ್ನು ನನ್ನ ಕಡೆ ಸರಿಸಿದರು. “ಇದು ಮೊನ್ನೆ ಸೋಮವಾರದ್ದು ಸಾರ್. ಕಾರ್ತೀಕದ ಕಡೇ ಸೋಮವಾರ ನಮ್ಮೂರಲ್ಲಿ ಮೀಸಲು. ಹಾಲೆಲ್ಲ ಬಸವಣ್ಣಂಗೆ. ಒಂದು ತೊಟ್ಟೂ ಊರಾಚೆ ಹೋಗಲ್ಲ. ಕಳಿಸ್ದೇ ಇರೋ ಹಾಲಿಗೆ ನಾನು ನೀರು ಹೆಂಗ್ ಹಾಕ್ಲಿ?”

“ಹಾಗಾದ್ರೆ ಊರವರಿಗೂ ಗೊತ್ತಲ್ಲಮ್ಮ, ಹೇಳ್ಬೋದಿತ್ತಲ್ಲ?” ಎಂದೆ.

“ಹೇಳಿದ್ದಕ್ಕೇ ಕೆಟ್ಟಿದ್ದು. ಮೀಸಲು ಹಾಲ್ನೇ ಕದ್ದು ಕಳಿಸವ್ಳೆ, ಅದಕ್ಕೂ ನೀರು ಹಾಕವ್ಳೆ ಅಂತಾರೆ. ಇಲ್ದಿದ್ರೆ ಕಂಪ್ಯೂಟರ್ ಯಾಕ್ ಚೀಟಿ ಕೊಡ್ತದೆ ಅಂತಾರೆ. ವ್ಯಾನಿನವ್ನು ಇಲ್ಲ ಅಂದ್ರೆ ಅವ್ನೂ ಸೇರ್ಕೊಂಡವ್ನೆ ಅಂತಾರೆ. ನಮ್ಮತ್ತೆ ನಿನ್ನೆಯಿಂದ ದೇವರ ಮನೆಗೆ ನನ್ನ ಬಿಟ್ಕೊಂಡಿಲ್ಲ ಸಾರ್.”

ಊರೂರಿನ ಹಾಲಿನ ತೂಕ ತೋರಿಸುವ ಪರದೆ ತೆರೆದೆ. ಸೋಮವಾರ ಅವರೂರಿನ ಹಾಲು ಸೊನ್ನೆ. ಅದೇ ದಿನ ಅದೇ ಊರಿಗೆ ಚೀಟಿ. ಈ ಎರಡು ಪರದೆಗಳನ್ನು ಒಟ್ಟಿಗೆ ಯಾರೂ ನೋಡಿರಲಿಲ್ಲ.

ಚೀಟಿ ಮುದ್ರಿಸುವ ಭಾಗವನ್ನು ಸಾಲು ಸಾಲಾಗಿ ಓದಿದೆ. ಒಂದೂವರೆ ಗಂಟೆಯ ಮೇಲೆ ಐದನೆಯ ಪಟ್ಟಿ ಸಿಕ್ಕಿತು. ಅದರಲ್ಲಿ ಊರಿನ ಹೆಸರುಗಳ ಬದಲು ಸಂಖ್ಯೆಗಳಿದ್ದವು. ಹೆಸರು ಹಾಕಿ ಹುಡುಕಿದವನಿಗೆ ಅದು ಹೇಗೆ ಸಿಗಬೇಕು? ಹಳೆಯ ಕ್ರಮದಲ್ಲಿ ಪದ್ಮಕ್ಕನ ಊರು ಎರಡನೆಯದು, ಈಗ ಏಳನೆಯದು. ಎರಡನೇ ಗುಳಿಯಲ್ಲಿ ಈಗ ಇನ್ನೊಂದೂರಿನ ಹಾಲು ಕೂರುತ್ತಿತ್ತು. ಚೀಟಿ ಮಾತ್ರ ಪದ್ಮಕ್ಕನ ಹೆಸರಿಗೇ ಹೋಗುತ್ತಿತ್ತು. ತಿದ್ದಲು ಎರಡು ನಿಮಿಷವೂ ಹಿಡಿಯಲಿಲ್ಲ.

ತಪ್ಪು ನನ್ನದು, ಪದ್ಮಕ್ಕನಿಗೊಂದು ಪತ್ರ ಕೊಡೋಣ ಎಂದು ಶಿವಣ್ಣನವರಿಗೆ ಹೇಳಿದೆ. ಅವರು ಹೊರಗೆ ಕೂತಿದ್ದ ಪದ್ಮಕ್ಕನಿಗೆ ಕೇಳದ ಹಾಗೆ ಬಾಗಿಲು ಹಾಕಿ ಬಂದರು. “ಪತ್ರ ಕೊಟ್ರೆ, ಹಾಗಾದ್ರೆ ನೀರು ಹಾಕಿದ್ದು ಯಾರು ಅಂತ ಕೇಳ್ತಾರೆ. ಮಾದರಿ ಹಾಲು ಅವತ್ತವತ್ತೇ ಚೆಲ್ಲಿದೀವಿ. ಏನಂತ ಸಾಬೀತು ಮಾಡ್ತೀರಿ? ಮುಂದಕ್ಕೆ ಸರಿ ಮಾಡಿದ್ರಲ್ಲ, ಸಾಕು ಬಿಡಿ.” ಗುರುವಾರವೂ ಕೇಳಿದೆ, ಶುಕ್ರವಾರ ಮಧ್ಯಾಹ್ನವೂ ಕೇಳಿದೆ. ಕೂಗಾಡಿದೆ. ಕೇಂದ್ರದ ಮೊಹರು ಅವರ ಮೇಜಿನ ಖಾನೆಯಿಂದ ಹೊರಗೆ ಬರಲಿಲ್ಲ. ಶುಕ್ರವಾರ ಸಂಜೆ ಪದ್ಮಕ್ಕನನ್ನು ಇಳಿಸಿದರು.

ಶನಿವಾರ ನಾನೇ ಒಂದು ಹಾಳೆಯಲ್ಲಿ ನಡೆದದ್ದನ್ನೆಲ್ಲ ಬರೆದು, ಸಹಿ ಹಾಕಿ, ಸಂಜೆ ಹಾಲು ಹಾಕುವ ಹೊತ್ತಿಗೆ ಅವರ ಊರಿಗೆ ಹೋದೆ. ಡೈರಿಯ ಗೋಡೆಗೆ ಮೂರು ಚೀಟಿಗಳ ನಕಲನ್ನು ಸಾಲಾಗಿ ಅಂಟಿಸಿದ್ದರು. ನನ್ನ ಹಾಳೆಯನ್ನೂ ಅಲ್ಲೇ ಅಂಟಿಸಿ ಎಂದು ಹೊಸ ಕಾರ್ಯದರ್ಶಿಯನ್ನು ಕೇಳಿದೆ. ಆಕೆ ಗಟ್ಟಿಯಾಗಿ ಓದಿದರು. “ಕೈಬರಹ ಅಲ್ವಾ ಸಾರ್ ಇದು? ಕಂಪ್ಯೂಟರ್‌ದು ಇದ್ರೆ ಕೊಡಿ, ಅಂಟಿಸ್ತೀನಿ,” ಎಂದು ಮಡಚಿ ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿದರು. ಸಾಲಿನಲ್ಲಿದ್ದ ಹೆಂಗಸರು ಒಂದು ಹೆಜ್ಜೆ ಮುಂದೆ ಸರಿದರು.

ಪದ್ಮಕ್ಕ ತಮ್ಮ ಹಾಲು ಹಿಡಿದು ಸಾಲಿನ ಕೊನೆಯಲ್ಲಿ ನಿಂತಿದ್ದರು. ನೀರು ಬೆರೆತಿದೆಯೇ ಎಂದು ನೋಡುವ ಲ್ಯಾಕ್ಟೋಮೀಟರ್ ಎಲ್ಲರ ಹಾಲಿಗೂ ಒಂದು ಸಲ ಇಳಿಯಿತು. ಅವರ ಹಾಲಿಗೆ ಎರಡು ಸಲ ಇಳಿಯಿತು. ಅವರು ತಲೆ ತಗ್ಗಿಸಿ ನೋಡುತ್ತಲೇ ಇದ್ದರು. ಆಮೇಲೆ ನನ್ನ ಕಡೆ ತಿರುಗಿ, “ಅಷ್ಟು ದೂರದಿಂದ ಬಂದಿದೀರ, ಕಾಫಿ ಕುಡ್ಕೊಂಡೋಗಿ ಸಾರ್,” ಅಂದರು. ನಾನು ಬೇಡ ಎಂದು ಕೈಯಾಡಿಸಿ ಬೈಕ್ ಹತ್ತಿದೆ.

ಸೋಮವಾರ ಹೋಗಿ ಐದೂ ಪಟ್ಟಿಗಳನ್ನು ಕಿತ್ತು ಒಂದೇ ಕಡೆ ಬರೆದೆ. ಸರಿಯಾಗಿ ಎರಡು ದಿನ ಹಿಡಿಯಿತು. ಕೋಡಿನಲ್ಲಿ ಒಂದು ವಿಷಯ ಒಂದೇ ಕಡೆ ಇರಬೇಕು, ಆಗ ತಪ್ಪನ್ನು ಒಂದೇ ಕಡೆ ತಿದ್ದಿದರೆ ಸಾಕು. ಇದನ್ನು ಹೊಸಬರಿಗೆ ಮೊದಲ ದಿನವೇ ಹೇಳುತ್ತೇನೆ, ಅವರು ತಲೆಯಾಡಿಸುತ್ತಾರೆ. ಪದ್ಮಕ್ಕ ಹಾಲಿಗೆ ನೀರು ಹಾಕಿದರು ಎಂಬ ಮಾತು ಎಷ್ಟು ಮನೆಗಳಲ್ಲಿ ಉಳಿದಿದೆಯೋ ನನಗೆ ಗೊತ್ತಿಲ್ಲ. ಅಲ್ಲಿಗೆ ಹೋಗಿ ತಿದ್ದಲು ನನಗೆ ಬರುವುದಿಲ್ಲ.