ಟೈಲರಕ್ಕ ಶಾಪ ಹುಡುಕಿಕೊಂಡು ಹೋದದ್ದು

ದೇವರ ಗ್ರಂಥ ನೋಡಲು ಭಕ್ತಿಯಿಂದ ಹೋಗುವವರಿದ್ದಾರೆ. ನನ್ನ ಗೆಳತಿ ಹೋದದ್ದು ಸ್ವಂತ ತಮ್ಮನಿಗೆ ಹಾಕಲು ಒಂದು ಶಾಪ ಬೇಕೆಂದು. ಸುಳ್ಳೇಕೆ ಹೇಳಲಿ, ನಾನೂ ಜೊತೆಗೆ ಹೋದದ್ದು ಅದಕ್ಕೇ.

ಅವಳು ಟೈಲರ್. ನನ್ನ ಜೆರಾಕ್ಸ್ ಅಂಗಡಿಗೂ ಅವಳ ಅಂಗಡಿಗೂ ನಡುವೆ ಒಂದೇ ಗೋಡೆ. ಬೀದಿಗೆಲ್ಲ ಅವಳು ಟೈಲರಕ್ಕ, ನನಗೂ ಅದೇ ರೂಢಿ. ಹೊಲಿಸಿದ್ದು ಬಿಗಿಯಾಯಿತೆಂದು ಜಗಳಕ್ಕೆ ಬಂದವರಿಗೆ, “ಬಟ್ಟೆ ಕುಗ್ಗಿಲ್ಲಮ್ಮ, ನೀನು ಹಿಗ್ಗಿದ್ದೀಯ” ಎಂದು ಮುಖದ ಮೇಲೆ ಹೇಳುವ ಹೆಂಗಸು. ಅಂಥವಳು ಅಮ್ಮ ಹೋದ ಮೇಲೆ ಮಾತೇ ಬಿಟ್ಟಳು. ಮನೆ ಪಾಲಿನ ಜಗಳದ ಸಿಟ್ಟಿಗೆ ತಮ್ಮ, ಅಮ್ಮ ಹಾಸಿಗೆ ಹಿಡಿದದ್ದನ್ನೂ ತಿಳಿಸಲಿಲ್ಲ, ಸತ್ತದ್ದನ್ನೂ ತಿಳಿಸಲಿಲ್ಲ. ಎಲ್ಲ ಮುಗಿದ ಮೇಲೆ ಫೋನ್ ಮಾಡಿದ. ಕೊನೇ ಸಲ ಮುಖ ನೋಡಲೂ ಬಿಡಲಿಲ್ಲ, ಪಾಪಿ.

ಒಂದು ದಿನ ತೋಳಿನ ಅಳತೆಗೆಂದು ಹಳೇ ಪೇಪರ್ ಕತ್ತರಿಸುವಾಗ ಅವಳಿಗೊಂದು ಸುದ್ದಿ ಕಂಡಿತು. ಪಕ್ಕದ ಊರಿನ ಮ್ಯೂಸಿಯಂನಲ್ಲಿ ಬಹಳ ಹಳೆಯ ಧರ್ಮಗ್ರಂಥವೊಂದಿದೆ. ಅದನ್ನು ಕೈಯಲ್ಲಿ ಬರೆದವನು ಗ್ರಂಥ ಕದಿಯುವವರಿಗೆಂದು ಕೊನೆಯ ಹಾಳೆಯಲ್ಲಿ ಶಾಪ ಬರೆದಿಟ್ಟಿದ್ದಾನೆ. ‘ಇದನ್ನು ಕದ್ದವನ ಕಣ್ಣು ಹಿಂಗಿಹೋಗಲಿ, ಕೈ ಸೇದಿಹೋಗಲಿ, ಅವನ...’ ಅಷ್ಟರಲ್ಲಿ ಕತ್ತರಿ ಆಡಿಯಾಗಿತ್ತು. ಉಳಿದರ್ಧ ಆಗಲೇ ಚಿಂದಿಯ ಜೊತೆ ಕಸಕ್ಕೆ ಹೋಗಿತ್ತು.

“ದೇವರ ಪುಸ್ತಕದ ಶಾಪ ಕಣೇ, ತಟ್ಟದೆ ಇರಲ್ಲ. ಅವನೂ ಕಳ್ಳನೇ, ನನ್ನಮ್ಮನ್ನ ಕದ್ದ. ಪೂರ್ತಿ ಬಾಯಿಪಾಠ ಮಾಡಿ ಅವನ ಕಿವಿಗೇ ಹೇಳ್ತೀನಿ,” ಅಂದಳು.

ಬಸ್ಸಿನಲ್ಲಿ ದಾರಿಯುದ್ದಕ್ಕೂ ಹಲ್ಲು ಕಡಿಯುತ್ತಿದ್ದಳು.

“ಹಲ್ಲು ಉದುರಿಸ್ಕೋಬೇಡ ಮಾರಾಯ್ತಿ, ಶಾಪ ತೊದಲಿದ್ರೆ ಅವನು ನಗ್ತಾನೆ,” ಅಂದೆ.

ಗಾಜಿನ ಪೆಟ್ಟಿಗೆಯಲ್ಲಿ ಕೊನೆಯ ಹಾಳೆಯನ್ನೇ ತೆರೆದಿಟ್ಟಿದ್ದರು. ಆ ಹಳೇ ಅಕ್ಷರ ನಮಗೆ ತಿಳಿಯದು. ಪಕ್ಕದ ಫಲಕದಲ್ಲಿ ಈಗಿನ ಮಾತಿನಲ್ಲಿ ಅರ್ಥ ಬರೆದಿತ್ತು. ಟೈಲರಕ್ಕ ಜೋರಾಗಿಯೇ ಓದತೊಡಗಿದಳು, ಕೈ ಸೇದಿಹೋಗಲಿ ಎಂಬಲ್ಲಿಗೆ ನಿಲ್ಲಿಸಿ ಮುಂದಿನ ಸಾಲಿಗೆ ಬೆರಳಿಟ್ಟಳು. ನಾನು ಬಗ್ಗಿ ನೋಡಿದೆ. ‘ಅವನ ಹೆತ್ತವಳಿಗೆ ಎಂದೆಂದೂ ಶಾಂತಿ ಸಿಗದಿರಲಿ’ ಎಂದಿತ್ತು.

“ಆ ಸಾಲು ಬಿಟ್ಟು ಹೇಳು,” ಅಂದೆ.

“ಶಾಪಕ್ಕೆ ತೇಪೆ ಹಾಕಕ್ಕಾಗುತ್ತೇನೆ? ಮಗ ಮಾಡಿದ್ದಕ್ಕೆ ತಾಯಿಗ್ಯಾಕೆ? ಇದನ್ನ ಬರೆದವನ ಕೈ ಸೇದೋಗ.”

ಹೊರಗೆ ಬಂದು ಮೆಟ್ಟಿಲ ಮೇಲೆ ಕೂತಳು. ಆದರೆ ಸುಮ್ಮನೆ ಮನೆಗೆ ಹೋಗುವವಳಲ್ಲ. ತಮ್ಮನಿಗೆ ಫೋನ್ ಮಾಡಿ, ನನಗೂ ಕೇಳಲೆಂದು ಸ್ಪೀಕರ್ ಹಾಕಿದಳು.

“ಸಾಯೋವಾಗ ಅಮ್ಮ ನನ್ನ ಕೇಳಿದ್ಲೇನೋ?”

ಅತ್ತ ಕಡೆ ಅವನು ಬಾಗಿಲು ಹಾಕಿಕೊಂಡ ಸದ್ದು ಕೇಳಿಸಿತು.

“ಕೇಳಿದ್ಲು ಅಕ್ಕ. ಬಂದ್ಲಾ, ಬಂದ್ಲಾ ಅಂತಾನೇ ಇದ್ಲು.”

“ನೀನೇನಂದೆ?”

“ದಾರೀಲಿದ್ದಾಳೆ ಅಂದೆ.”

ಟೈಲರಕ್ಕ ಕೂಗಾಡಲಿಲ್ಲ. “ಕೇಳಿಲ್ಲಿ. ನಿನ್ನ ಕಣ್ಣಿಗೇನೂ ಆಗದಿರಲಿ, ಕೈಕಾಲು ಗಟ್ಟಿಯಾಗಿರಲಿ. ನೂರು ವರ್ಷ ಬದುಕು. ಅವಳು ಬಾಗಿಲ ಕಡೆ ನೋಡ್ತಾ ಮಲಗಿದ್ದಿದ್ದು ಒಂದೇ ಒಂದು ದಿನಾನೂ ನಿನಗೆ ಮರೆತುಹೋಗದಿರಲಿ.”

ಅವನು ಅಳತೊಡಗಿದ. ಇವಳು ಫೋನ್ ಕಟ್ ಮಾಡದೆ ಕೊನೆಯವರೆಗೂ ಕೇಳಿಸಿಕೊಂಡಳು. ನಾನೂ ಕೇಳಿಸಿಕೊಂಡೆ, ನನ್ನ ಹೊಟ್ಟೆಯೂ ತಣ್ಣಗಾಯಿತು.